ಈ ಸಿಹಿ ಯಾವತ್ತಿನದು? ಹಿಸ್ಟಮಿನ್ ಆಗಿಬರದವರಿಗೆ ಹಬ್ಬದ ಕೈಪಿಡಿ

ಹಬ್ಬದ ದಿನ ಕಾವಲಿಯಿಂದ ಇಳಿದ ಬಿಸಿ ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದಿರಿ, ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಡಬ್ಬಿಯಲ್ಲಿ ಉಳಿದಿದ್ದನ್ನು ಸಂಜೆ ಬಿಸಿ ಮಾಡಿ ತಿಂದಿರಿ. ಅರ್ಧ ಗಂಟೆಯೊಳಗೆ ಕೆನ್ನೆ, ಕಿವಿ ಕಾದು ಕೆಂಪಾದವು, ಮೂಗು ಸೋರತೊಡಗಿತು, ತಲೆ ಸಿಡಿಯಿತು, ತೋಳಿನ ಮೇಲೆ ದದ್ದು ಎದ್ದವು. ಮನೆಯವರು ‘ಸಕ್ಕರೆ ಜಾಸ್ತಿಯಾಯಿತು’ ಎಂದರು, ಪಕ್ಕದ ಮನೆಯವರು ‘ಪಿತ್ತ’ ಎಂದರು. ಸಿಹಿಯೇ ನಿಮಗೆ ಆಗಿಬರುವುದಿಲ್ಲ ಎಂದು ನೀವೂ ತೀರ್ಮಾನಿಸಿದಿರಿ. ಆದರೆ ಮೊದಲ ದಿನದ ಅದೇ ಹೋಳಿಗೆ ಏಕೆ ಏನೂ ಮಾಡಲಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕೆಲವರ ವಿಷಯದಲ್ಲಿ ಇದಕ್ಕೆ ಉತ್ತರ ಹಿಸ್ಟಮಿನ್. ಆಹಾರದ ಮೂಲಕ ಬರುವ ಹಿಸ್ಟಮಿನನ್ನು ಬೇಗ ಕರಗಿಸಿಕೊಳ್ಳಲಾಗದ ಸ್ಥಿತಿಗೆ ವೈದ್ಯರು ‘ಹಿಸ್ಟಮಿನ್ ಇನ್‌ಟಾಲರೆನ್ಸ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಿಸ್ಟಮಿನ್ ಆಗಿಬರದಿರುವುದು. ಇದಿದ್ದವರು ಜೀವನವಿಡೀ ಸಿಹಿ ಬಿಡಬೇಕಾಗಿಲ್ಲ. ಸಿಹಿಯ ಹೆಸರು ಕೇಳುವ ಮೊದಲು ಅದರ ವಯಸ್ಸು ಕೇಳುವುದನ್ನು ರೂಢಿ ಮಾಡಿಕೊಂಡರೆ ಅರ್ಧ ದಾರಿ ಸಾಗಿದಂತೆ.

ಕೆರೆ, ತೂಬು, ಕೋಡಿ

ಹಿಸ್ಟಮಿನ್ ಹೊರಗಿನಿಂದ ಬಂದ ವಿಷವಲ್ಲ. ಅದನ್ನು ನಮ್ಮ ದೇಹವೇ ತಯಾರಿಸುತ್ತದೆ. ಹೊಟ್ಟೆಯಲ್ಲಿ ಆಮ್ಲ ಸುರಿಸಲು, ನಿದ್ದೆ ಎಚ್ಚರಗಳನ್ನು ನಡೆಸಲು, ಸೋಂಕಿನ ವಿರುದ್ಧ ಹೋರಾಡಲು ಅದು ಬೇಕು. ಅಲರ್ಜಿಯಾದಾಗ ತುರಿಕೆ, ಊತ ತರುವುದೂ ಅದೇ. ಇದರ ಜೊತೆಗೆ ಆಹಾರದಿಂದಲೂ ಒಂದಷ್ಟು ಹಿಸ್ಟಮಿನ್ ಒಳಗೆ ಬರುತ್ತದೆ. ಹೀಗೆ ಬಂದದ್ದನ್ನು ಕರುಳಿನಲ್ಲೇ ಒಡೆದು ಹಾಕುವ ಮುಖ್ಯ ಕಿಣ್ವದ ಹೆಸರು ಡಯಮೀನ್ ಆಕ್ಸಿಡೇಸ್, ಚಿಕ್ಕದಾಗಿ ಡಿಎಒ.

ಊರ ಕೆರೆಯನ್ನು ನೆನೆಸಿಕೊಳ್ಳಿ. ಆಹಾರದ ಹಿಸ್ಟಮಿನ್ ಹಳ್ಳದ ನೀರಿನಂತೆ ಬಂದು ಸೇರುತ್ತದೆ, ಡಿಎಒ ಎಂಬ ತೂಬಿನಿಂದ ಹೊರಗೆ ಹೋಗುತ್ತದೆ. ತೂಬು ಸರಿಯಿದ್ದರೆ ಮಳೆ ಹೆಚ್ಚಾದರೂ ಚಿಂತೆಯಿಲ್ಲ. ತೂಬು ಕಟ್ಟಿಕೊಂಡಿದ್ದರೆ ಸಣ್ಣ ಮಳೆಗೂ ಕೆರೆ ಕೋಡಿ ಬೀಳುತ್ತದೆ. ಮುಖ ಕೆಂಪೇರುವುದು, ತಲೆನೋವು, ದದ್ದು, ಮೂಗು ಸೋರುವುದು, ಹೊಟ್ಟೆ ಉಬ್ಬರ, ಭೇದಿ, ಎದೆ ಡವಗುಟ್ಟುವುದು ಇವೆಲ್ಲ ಆ ಕೋಡಿಯ ನೀರು. ಕೊನೆಗೆ ತಿಂದ ಲಡ್ಡು ತಪ್ಪಿತಸ್ಥನಂತೆ ಕಂಡರೂ ಬೆಳಗಿನ ಉಪ್ಪಿನಕಾಯಿ, ಮಧ್ಯಾಹ್ನದ ಟೊಮೆಟೊ ಸಾರು, ಬದನೆಕಾಯಿ ಎಣ್ಣೆಗಾಯಿ ಆಗಲೇ ಕೆರೆಯನ್ನು ಅಂಚಿನವರೆಗೆ ತುಂಬಿಸಿರಬಹುದು.

ತೂಬು ಕಟ್ಟಿಕೊಳ್ಳಲು ಹಲವು ಕಾರಣಗಳಿವೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಕರುಳಿನ ಉರಿಯೂತ, ಸೋಂಕುಗಳಿಂದಲೂ ಅದು ಕುಗ್ಗಬಹುದು. ಮದ್ಯ ಅದರ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಕ್ಷಯದ ಚಿಕಿತ್ಸೆಗೆ ಕೊಡುವ ಐಸೋನಿಯಾಝಿಡ್‌ನಂಥ ಕೆಲವು ಔಷಧಗಳೂ ಅಷ್ಟೇ. ಹಾಗೆಂದು ಯಾವ ಔಷಧವನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಇದಕ್ಕೆ ತದ್ವಿರುದ್ಧವಾಗಿ ಗರ್ಭಿಣಿಯರಲ್ಲಿ ಮಾಸು ಈ ಕಿಣ್ವವನ್ನು ಭಾರಿ ಪ್ರಮಾಣದಲ್ಲಿ ತಯಾರಿಸುತ್ತದೆ. ಬಸುರಿಯಿದ್ದಾಗ ಮಾಯವಾಗಿದ್ದ ತೊಂದರೆ ಹೆರಿಗೆಯ ನಂತರ ಮರಳಿತು ಎಂದು ಕೆಲವು ಹೆಂಗಸರು ಹೇಳುವುದಕ್ಕೆ ಇದೇ ಕಾರಣವಿರಬಹುದು.

ನಾವೇ ಹೆಸರಿಡುವ ಮುನ್ನ

ಸಿಹಿ ತಿಂದು ತೊಂದರೆಯಾದರೆ ಅದೆಲ್ಲ ಹಿಸ್ಟಮಿನ್ನೇ ಆಗಿರಬೇಕಿಲ್ಲ. ಪೇಡ, ಪಾಯಸ ತಿಂದಾಗ ಹೊಟ್ಟೆ ಮಾತ್ರ ಉಬ್ಬಿ ಗುಡುಗುಡು ಎನ್ನುತ್ತಿದ್ದರೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದಿರುವ ಸಾಧ್ಯತೆ ಹೆಚ್ಚು. ಗೋಧಿ, ಮೈದಾ, ರವೆಯ ಸಿಹಿಗಳಿಂದ ಮಾತ್ರ ತೊಂದರೆಯೆಂದರೆ ಗ್ಲುಟೆನ್ ಕಡೆ ನೋಡಬೇಕು. ಗೋಡಂಬಿ, ಕಡಲೆಕಾಯಿ, ಹಾಲು, ಮೊಟ್ಟೆಗಳಿಗೆ ನಿಜವಾದ ಅಲರ್ಜಿ ಇರಬಹುದು. ಅದು ಬೇರೆಯೇ ಕಾಯಿಲೆ, ಹೆಚ್ಚು ಅಪಾಯಕಾರಿ ಕೂಡ. ಹಿಸ್ಟಮಿನ್ ಆಗಿಬರದವರಿಗೆ ಪ್ರಮಾಣದ ಮೇಲೆ ತೊಂದರೆ ಏರಿಳಿಯುತ್ತದೆ. ಅಲರ್ಜಿ ಇರುವವರಿಗೆ ಒಂದು ಚೂರೂ ಸಾಕು.

ತಿಂದ ಕೂಡಲೇ ನಾಲಿಗೆ, ತುಟಿ ಊದಿಕೊಂಡರೆ, ಗಂಟಲು ಕಟ್ಟಿದರೆ, ಉಸಿರಾಡಲು ಕಷ್ಟವಾದರೆ, ಕಣ್ಣು ಕತ್ತಲೆ ಬಂದರೆ ಮನೆಮದ್ದು ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಅಂಥ ಸಿಹಿಯನ್ನು ಅಲರ್ಜಿ ತಜ್ಞರನ್ನು ಕಾಣುವವರೆಗೆ ‘ಸ್ವಲ್ಪ ತಿಂದು ನೋಡುವುದು’ ಬೇಡವೇ ಬೇಡ.

ಈ ಸ್ಥಿತಿಯನ್ನು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ. ರಕ್ತದಲ್ಲಿ ಡಿಎಒ ಮಟ್ಟ ಅಳೆಯುವ ಪರೀಕ್ಷೆ ಸಿಗುತ್ತದೆಯಾದರೂ ಅದರ ಅಂಕಿಯೊಂದನ್ನೇ ನಂಬುವಂತಿಲ್ಲ ಎಂದು ಜರ್ಮನಿಯ ಅಲರ್ಜಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಉಳಿದ ಕಾಯಿಲೆಗಳನ್ನು ತಳ್ಳಿಹಾಕಿ, ಕೆಲವು ದಿನ ಪಥ್ಯ ಮಾಡಿಸಿ, ಮತ್ತೆ ಒಂದೊಂದನ್ನೇ ತಿನ್ನಿಸಿ ನೋಡುವುದೇ ಈಗಿರುವ ದಾರಿ.

ಸಕ್ಕರೆಯ ತಪ್ಪೇನೂ ಇಲ್ಲ

ಆಹಾರದಲ್ಲಿ ಹಿಸ್ಟಮಿನ್ ಹುಟ್ಟಲು ಸಾಮಾನ್ಯವಾಗಿ ನಾಲ್ಕು ಸಂಗತಿ ಕೂಡಬೇಕು: ಪ್ರೋಟೀನ್, ತೇವ, ಬ್ಯಾಕ್ಟೀರಿಯಾ, ಸಮಯ. ಪ್ರೋಟೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವಿದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಕರಾವಳಿಯವರಿಗೆ ಇದು ಹೊಸದಲ್ಲ. ಐಸ್ ಹಾಕದೆ ಬಿಸಿಲಲ್ಲಿಟ್ಟ ಬಂಗುಡೆ, ಬೂತಾಯಿ ತಿಂದು ಮೈಯೆಲ್ಲ ಕೆಂಪಾಗಿ ತುರಿಸಿದರೆ ಅದು ಹಿಸ್ಟಮಿನ್ನಿನದೇ ಕೆಲಸ. ಅಂಥ ಮೀನಿನಲ್ಲಿ ಹಿಸ್ಟಮಿನ್ ಎಷ್ಟು ಕೂಡುತ್ತದೆಂದರೆ ತೂಬು ಸರಿಯಿದ್ದವರ ಕೆರೆಯೂ ಕೋಡಿ ಬೀಳುತ್ತದೆ. ಆ ಮೀನನ್ನು ಎಷ್ಟು ಹುರಿದರೂ ಪ್ರಯೋಜನವಿಲ್ಲ. ಬೆಂಕಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ತಯಾರಿಸಿಟ್ಟ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ.

ಈ ಲೆಕ್ಕವನ್ನು ಸಿಹಿಗೆ ಹಚ್ಚಿ ನೋಡಿ. ಬರಿಯ ಸಕ್ಕರೆಯಲ್ಲಿ ಪ್ರೋಟೀನೂ ಇಲ್ಲ, ತೇವವೂ ಇಲ್ಲ. ಕಲ್ಲುಸಕ್ಕರೆ, ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಹಿಸ್ಟಮಿನ್ ಹುಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಗಟ್ಟಿ ಪಾಕದ, ತುಪ್ಪದಲ್ಲಿ ಹುರಿದ ಒಣ ಸಿಹಿಗಳಲ್ಲಿ ಬ್ಯಾಕ್ಟೀರಿಯಾಗೆ ಬೇಕಾದಷ್ಟು ನೀರು ಸಿಗುವುದಿಲ್ಲ. ಹಾಲು, ಬೇಳೆ, ಹಸಿ ಕಾಯಿ ಸೇರಿ ಮೆತ್ತಗಿರುವ ಸಿಹಿಗಳಲ್ಲಿ ನಾಲ್ಕರಲ್ಲಿ ಮೂರು ಮೊದಲೇ ಸಿದ್ಧವಾಗಿರುತ್ತವೆ. ನಾಲ್ಕನೆಯದಾದ ಸಮಯವನ್ನು ನಾವು ಡಬ್ಬಿಯಲ್ಲಿಟ್ಟು ಸೇರಿಸುತ್ತೇವೆ. ಹೋಳಿಗೆ ಮಾರನೇ ದಿನವೇ ರುಚಿ ಎನ್ನುವವರ ಮಾತು ಈ ದೇಹಕ್ಕೆ ಸಲ್ಲದು. ತಂಗಳು ತಿನ್ನಬೇಡ ಎನ್ನುವ ಅಜ್ಜಿಯ ಮಾತು ಸಲ್ಲುತ್ತದೆ.

ಇನ್ನೊಂದು ಗುಂಪು ಹುದುಗಿನದು. ಮೊಸರು, ಹುಳಿ ಹಿಟ್ಟು, ವಿನೆಗರ್, ಮದ್ಯ ಇವೆಲ್ಲ ಸೂಕ್ಷ್ಮಜೀವಿಗಳ ಕೈಯಿಂದಲೇ ತಯಾರಾಗುವಂಥವು. ಕಡಿಮೆ ಹಿಸ್ಟಮಿನ್ ಆಹಾರದ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಬಾಳೆಹಣ್ಣು ಬೇಡ, ಇನ್ನೊಂದರಲ್ಲಿ ಪರವಾಗಿಲ್ಲ. ಆದರೆ ಹುದುಗು ಬಂದದ್ದರಿಂದ ದೂರವಿರಿ ಎನ್ನುವುದರಲ್ಲಿ ಬಹುತೇಕ ಎಲ್ಲಕ್ಕೂ ಒಮ್ಮತವಿದೆ. ಈ ಪಟ್ಟಿಗಳು ಹೆಚ್ಚಿನವು ಯುರೋಪಿನ ಅಡುಗೆಮನೆಗಾಗಿ ಬರೆದಂಥವು. ಅವುಗಳಲ್ಲಿ ಕಜ್ಜಾಯ, ಕರದಂಟು ಹುಡುಕಿ ಫಲವಿಲ್ಲ. ಹಾಗಾಗಿ ಪಟ್ಟಿ ಉರುಹಚ್ಚುವ ಬದಲು ಪ್ರತಿ ಸಿಹಿಗೂ ಪ್ರೋಟೀನ್, ತೇವ, ಬ್ಯಾಕ್ಟೀರಿಯಾ, ಸಮಯದ ಆ ನಾಲ್ಕು ಪ್ರಶ್ನೆ ಕೇಳುವುದು ಉಪಯುಕ್ತ.

ನಮ್ಮ ತಟ್ಟೆಯ ಸಿಹಿಗಳು

*ಸಾಮಾನ್ಯವಾಗಿ ನಿರಾಳ.* ಅಂದೇ ಹಬೆಯಲ್ಲಿ ಬೇಯಿಸಿದ ಕಾಯಿ ಕಡುಬು, ಅಂದೇ ಮಾಡಿದ ಕಾಯಿ ಹೋಳಿಗೆ, ಅಕ್ಕಿ ಅಥವಾ ಶ್ಯಾವಿಗೆ ಪಾಯಸ, ಗೋಡಂಬಿ ದ್ರಾಕ್ಷಿ ಹಾಕದ ರವೆ ಉಂಡೆ, ಸಕ್ಕರೆ ಪುಡಿ ಉದುರಿಸಿದ ಚಿರೋಟಿ, ಅಕ್ಕಿ, ಬೆಲ್ಲ, ತೆಂಗಿನ ಹಾಲಿನ ಹಾಲುಬಾಯಿ, ಅಕ್ಕಿ ತಂಬಿಟ್ಟು, ಮಲೆನಾಡಿನ ತೊಡದೇವು. ಮೈಸೂರು ಪಾಕ್‌ನಲ್ಲಿ ಇರುವುದು ಕಡಲೆ ಹಿಟ್ಟು, ಸಕ್ಕರೆ, ತುಪ್ಪ ಮಾತ್ರ. ಗಟ್ಟಿಯಾದ, ಗೂಡುಗೂಡಾದ ಹಳೇ ಬಗೆಯದು ಒಣಗಿರುವುದರಿಂದ ಹಲವರಿಗೆ ಹಿಡಿಸುತ್ತದೆ. ಕಡಲೆ ಹಿಟ್ಟೇ ಆಗದವರು ಮಾತ್ರ ಬಿಡಬೇಕು.

*ವಯಸ್ಸು ಕೇಳಿ ತಿನ್ನಬೇಕಾದವು.* ಧಾರವಾಡ ಪೇಡ, ಬೆಳಗಾವಿ ಕುಂದ, ಬರ್ಫಿ, ಜಾಮೂನು, ರಸಗುಲ್ಲ. ಹೊಸ ಹಾಲಿನಲ್ಲಿ ಹಿಸ್ಟಮಿನ್ ಅತ್ಯಲ್ಪ, ಅಂದೇ ಕಾಯಿಸಿದ ಖೋವಾ ಕೂಡ ಹಾಗೆಯೇ. ತೊಂದರೆ ಇರುವುದು ಎಲ್ಲಿಂದಲೋ ಬಂದು ದಿನಗಟ್ಟಲೆ ಕಾದ ಖೋವಾದಲ್ಲಿ. ಬೇಳೆ ಹೋಳಿಗೆಯ ಹೂರಣವನ್ನು ಹಿಂದಿನ ರಾತ್ರಿಯೇ ರುಬ್ಬಿಡುವ ರೂಢಿಯಿದ್ದರೆ ಅದನ್ನು ಬೆಳಿಗ್ಗೆಗೆ ಬದಲಿಸಿಕೊಳ್ಳಿ. ಗೋಕಾಕ, ಅಮೀನಗಡದ ಕರದಂಟು ಒಣ ಸಿಹಿಯೇ, ಆದರೆ ಅದರ ತುಂಬ ಗೋಡಂಬಿ, ಖರ್ಜೂರ. ಗೋಡಂಬಿ, ಅಕ್ರೋಟು, ಕಡಲೆಕಾಯಿಗಳನ್ನು ಹಲವು ಪಟ್ಟಿಗಳು ಎಚ್ಚರಿಕೆಯ ಸಾಲಿನಲ್ಲಿಟ್ಟಿವೆ, ಬಾದಾಮಿ ಸ್ವಲ್ಪ ಮಟ್ಟಿಗೆ ವಾಸಿ. ಎಳ್ಳುಬೆಲ್ಲ ಕೊಟ್ಟರೆ ಕಡಲೆಕಾಯಿ ಬೀಜ ಆರಿಸಿ ತೆಗೆದು ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳಬಹುದು.

*ಶುರುವಿನಲ್ಲಿ ದೂರವೇ ಇಡಬೇಕಾದವು.* ಹುದುಗಿಸಿದ ಹಿಟ್ಟಿನ ಜಿಲೇಬಿ, ಮೊಸರು ಕಟ್ಟಿ ಮಾಡುವ ಶ್ರೀಖಂಡ, ಮೊಸರು ಹಾಕಿ ಕಲಸಿದ ಬಾದೂಷಾ, ಪಾಕದ ಹಿಟ್ಟನ್ನು ದಿನಗಟ್ಟಲೆ ಇಟ್ಟು ಕರಿಯುವ ಕಜ್ಜಾಯ. ಚಾಕೊಲೇಟ್ ಕೂಡ ಇದೇ ಸಾಲಿಗೆ ಸೇರುತ್ತದೆ. ಕೋಕೋ ಬೀಜವನ್ನು ಒಣಗಿಸುವ ಮೊದಲು ಹಲವು ದಿನ ಹುದುಗಿಸುತ್ತಾರೆ. ಚಾಕೊಲೇಟಿನಲ್ಲಿ ಅಳೆದರೆ ಹಿಸ್ಟಮಿನ್ ಹೆಚ್ಚೇನೂ ಸಿಗದಿರಬಹುದು, ಆದರೆ ಅದರ ಸಂಬಂಧಿಗಳಾದ ಬೇರೆ ಅಮೀನುಗಳಿವೆ, ತೊಂದರೆ ಹೇಳಿಕೊಳ್ಳುವವರೂ ಬಹಳ. ಎಲ್ಲಕ್ಕಿಂತ ಕೆಟ್ಟದ್ದು ರಮ್ಮಿನಲ್ಲಿ ನೆನೆಸಿದ ಒಣಹಣ್ಣುಗಳ ಪ್ಲಮ್ ಕೇಕ್: ಒಳಗೆ ನೀರು ತರುವುದೂ ಅದೇ, ತೂಬು ಮುಚ್ಚುವುದೂ ಅದೇ. ಕ್ರಿಸ್‌ಮಸ್‌ಗೆ ಮಂಗಳೂರಿನ ಕಡೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಮುಂದೆ ಬಂದರೆ ಕೇಕನ್ನು ಬಿಟ್ಟು ಕಿಡಿಯೊ, ಗುಳಿಯೊಗಳ ಕಡೆ ಕೈ ಚಾಚಿ.

ಹಣ್ಣಿನ ಸಿಹಿಗಳಲ್ಲಿ ಸೇಬು, ಮರಸೇಬು, ಮಾವು, ಕಲ್ಲಂಗಡಿ ಹೆಚ್ಚಿನವರಿಗೆ ಒಗ್ಗುತ್ತವೆ. ಸ್ಟ್ರಾಬೆರಿ, ಅನಾನಸ್, ಕಿತ್ತಳೆ, ಕಿವಿ, ಪರಂಗಿ, ಕಪ್ಪುಚುಕ್ಕೆ ಬಂದ ಬಾಳೆಹಣ್ಣಿನಲ್ಲಿ ಹುಷಾರು. ಬಾಳೆ, ಕಿತ್ತಳೆಗಳಲ್ಲಿರುವ ಪ್ಯುಟ್ರೆಸಿನ್ ಎಂಬ ಅಮೀನು ಅದೇ ತೂಬಿನಿಂದಲೇ ಹೊರಹೋಗಬೇಕಾದದ್ದರಿಂದ ಹಿಸ್ಟಮಿನ್‌ಗೆ ದಾರಿ ತಡವಾಗುತ್ತದೆ. ಅನಾನಸ್ ಕೇಸರಿಭಾತಿನ ಬದಲು ಬರಿಯ ಕೇಸರಿಭಾತು ಎನ್ನುವುದು ಸಣ್ಣ ಬದಲಾವಣೆ, ಆದರೆ ಮದುವೆಮನೆಯಲ್ಲಿ ನೆನಪಿಡಬೇಕಾದ್ದು.

ಸಿಹಿ ಅಂಗಡಿಯ ಮುಂದೆ

ವಯಸ್ಸು ಕೇಳಲು ಸಂಕೋಚ ಬೇಡ, ಕಾನೂನೇ ನಿಮ್ಮ ಕಡೆಗಿದೆ. ಬಿಡಿಯಾಗಿ ಮಾರುವ ಸಿಹಿಗಳ ತಟ್ಟೆಯ ಮುಂದೆ ಎಂದಿನವರೆಗೆ ತಿನ್ನಬಹುದು ಎಂಬ ದಿನಾಂಕ ಹಾಕುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ತಯಾರಿಸಿದ ದಿನಾಂಕ ಹಾಕುವುದನ್ನು ಅಂಗಡಿಯವರ ಇಚ್ಛೆಗೆ ಬಿಟ್ಟಿತು. ನಮಗೆ ಬೇಕಾದ್ದು ಆ ಎರಡನೆಯದೇ, ಹಾಗಾಗಿ ಬಾಯಿಬಿಟ್ಟು ಕೇಳಲೇಬೇಕು. ಅದೇ ಪ್ರಾಧಿಕಾರದ ಮಾರ್ಗದರ್ಶಿಯ ಅಂದಾಜಿನಲ್ಲಿ ಕಲಾಕಂದ್ ಅದೇ ದಿನ, ರಸಗುಲ್ಲ ರಸಮಲಾಯಿ ಬಗೆಯವು 2 ದಿನ, ಖೋವಾದ ಸಿಹಿಗಳು 4 ದಿನ, ತುಪ್ಪ ಮತ್ತು ಒಣಹಣ್ಣಿನವು 7 ದಿನದೊಳಗೆ ಮುಗಿಯಬೇಕು. ಇದು ಆರೋಗ್ಯವಂತರ ಲೆಕ್ಕ. ಖೋವಾದ ಸಿಹಿ ಮೂರನೇ ದಿನ ಬೇರೆಯವರಿಗೆ ಚೆನ್ನಾಗಿಯೇ ಇರುತ್ತದೆ, ನೀವು ಮಾತ್ರ ಮೊದಲ ದಿನದ್ದನ್ನೇ ಕೇಳಿ.

ಪೊಟ್ಟಣದ ಸಿಹಿಯಾದರೆ ಹಿಂದಿನ ಸಣ್ಣಕ್ಷರ ಓದಿ. ಬಣ್ಣ, ಸಂರಕ್ಷಕಗಳಿಗೆ ಕೊಟ್ಟ ಸಂಖ್ಯೆಗಳು ಅಲ್ಲಿರುತ್ತವೆ. ಐಎನ್‌ಎಸ್ 102 ಎಂದರೆ ಟಾರ್ಟ್ರಜೀನ್ ಎಂಬ ಹಳದಿ ಬಣ್ಣ, 110 ಸನ್‌ಸೆಟ್ ಯೆಲ್ಲೊ, 211 ಸೋಡಿಯಂ ಬೆಂಜೊಯೇಟ್, 220ರಿಂದ ಶುರುವಾಗುವವು ಸಲ್ಫೈಟುಗಳು. ಇವು ಹಿಸ್ಟಮಿನ್ ಅಲ್ಲ, ಆದರೆ ಸೂಕ್ಷ್ಮ ದೇಹದ ಕೆಲವರಿಗೆ ಅದೇ ಬಗೆಯ ತುರಿಕೆ, ದಮ್ಮು ತರಬಹುದು. ಪಥ್ಯದ ದಿನಗಳಲ್ಲಿ ಇವನ್ನೂ ಬಿಟ್ಟರೆ ಗೊಂದಲ ಕಡಿಮೆ.

ಮನೆಯಲ್ಲಿ ಮಾಡುವಾಗ

ಒಂದು, ಅಂದಿನದನ್ನು ಅಂದೇ ತಿನ್ನುವಷ್ಟು ಮಾಡಿ. ಹೆಚ್ಚು ಮಾಡಲೇಬೇಕಾದರೆ ಆರಿದ ಕೂಡಲೇ ಒಂದೊಂದು ಸಲಕ್ಕೆ ಸಾಕಾಗುವಷ್ಟನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದಾಗ ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುತ್ತದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹೊರತೆಗೆದದ್ದನ್ನು ಬಿಸಿ ಮಾಡಿ ಕೂಡಲೇ ತಿನ್ನಿ, ಮತ್ತೆ ಒಳಗಿಡಬೇಡಿ.

ಎರಡು, ತಾನಾಗಿ ಒಡೆದ ಹಾಲನ್ನು ಎಸೆಯಲು ಮನಸ್ಸಾಗದೆ ಸಕ್ಕರೆ ಹಾಕಿ ಕಾಯಿಸಿ ಸಿಹಿ ಮಾಡುವ ಮನೆಗಳಿವೆ. ಆ ಹಾಲು ಒಡೆದದ್ದೇ ಬ್ಯಾಕ್ಟೀರಿಯಾದಿಂದ. ಮನೆಯ ಉಳಿದವರಿಗೆ ಏನಾದರೂ ಮಾಡಿಕೊಡಿ, ನಿಮಗದು ಬೇಡ.

ಮೂರು, ಬೆಲ್ಲ ಒಣಗಿರಲಿ. ಮಳೆಗಾಲದಲ್ಲಿ ನೀರೊಡೆದು ಹುಳಿವಾಸನೆ ಬಂದ ಬೆಲ್ಲವನ್ನು ಬಳಸಬೇಡಿ. ಒಣಕೊಬ್ಬರಿ ಕಮಟು ವಾಸನೆ ಬಂದಿದ್ದರೆ ಅದೂ ಬೇಡ.

ಪಥ್ಯದ ದಿನಕ್ಕೂ ಸಲ್ಲುವ ರವೆ ಉಂಡೆ ಹೀಗೆ: 1 ಲೋಟ ಚಿರೋಟಿ ರವೆಯನ್ನು 2 ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಕಾಲು ಲೋಟ ಕೊಬ್ಬರಿ ತುರಿ ಸೇರಿಸಿ ಒಂದು ನಿಮಿಷ ಕೈಯಾಡಿಸಿ ಇಳಿಸಿ. ಮುಕ್ಕಾಲು ಲೋಟ ಸಕ್ಕರೆ ಪುಡಿ, ಒಂದು ಏಲಕ್ಕಿಯ ಪುಡಿ ಬೆರೆಸಿ. ಕಾಲು ಲೋಟ ಬಿಸಿ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಬಿಸಿ ಆರುವ ಮೊದಲೇ ಉಂಡೆ ಕಟ್ಟಿ. ಹಲವರು ಹಾಲು ಚಿಮುಕಿಸಿ ಕಟ್ಟುತ್ತಾರೆ, ಇಲ್ಲಿ ಅದು ಬೇಡ. ಹಾಲಿನೊಂದಿಗೆ ತೇವ, ಪ್ರೋಟೀನ್ ಎರಡೂ ಸೇರಿ ಉಂಡೆಯ ಆಯಸ್ಸು ಕುಗ್ಗುತ್ತದೆ. ಮಧುಮೇಹ ಇರುವವರು ಇಲ್ಲಿನ ಸಕ್ಕರೆಯ ಲೆಕ್ಕವನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಯಾವ ಸಿಹಿ ನನ್ನದು?

ಮೊದಲ 10ರಿಂದ 14 ದಿನ ಹುದುಗಿನ, ತಂಗಳಿನ, ಎಚ್ಚರಿಕೆಯ ಪಟ್ಟಿಯ ಆಹಾರವನ್ನೆಲ್ಲ ಬಿಡಿ. ಊಟ ಅನ್ನ, ಹೊಸ ತರಕಾರಿ, ಹಾಲು, ತುಪ್ಪದಲ್ಲಿರಲಿ. ಈ ಅವಧಿಯಲ್ಲಿ ಏನೂ ಬದಲಾಗದಿದ್ದರೆ ಹಿಸ್ಟಮಿನ್ ಮೇಲಿನ ಅನುಮಾನ ಬಿಟ್ಟು ವೈದ್ಯರೊಂದಿಗೆ ಬೇರೆ ಕಾರಣ ಹುಡುಕಿ. ಗುಣ ಕಂಡರೆ ಮುಂದಿನ ಸುಮಾರು 6 ವಾರಗಳಲ್ಲಿ ಒಂದೊಂದೇ ಸಿಹಿಯನ್ನು ಮರಳಿ ಕರೆಯಿರಿ. ಊಟ ಸರಳವಾಗಿರುವ ದಿನ ಆರಿಸಿಕೊಳ್ಳಿ, ಅರ್ಧ ಪೇಡದಿಂದ ಶುರುಮಾಡಿ, ಎರಡು ದಿನ ಬೇರೆ ಹೊಸದೇನೂ ತಿನ್ನಬೇಡಿ.

ಒಂದು ನೋಟ್‌ಬುಕ್ ಇಡಿ. ಏನು, ಎಷ್ಟು, ಮಾಡಿ ಎಷ್ಟು ಹೊತ್ತಾಗಿತ್ತು, ಅಂದು ಇನ್ನೇನು ತಿಂದಿದ್ದಿರಿ, ಎಷ್ಟು ಹೊತ್ತಿಗೆ ಏನಾಯಿತು, ನಿದ್ದೆ ಸರಿಯಿತ್ತೇ, ಮುಟ್ಟಿನ ದಿನವೇ, ಯಾವ ಮಾತ್ರೆ ನುಂಗಿದ್ದಿರಿ ಎಂದು ಬರೆಯಿರಿ. ತಿಂಗಳ ಕೊನೆಗೆ ನಿಮ್ಮದೇ ಪಟ್ಟಿಯೊಂದು ತಯಾರಾಗಿರುತ್ತದೆ. ಕಠಿಣ ಪಥ್ಯವನ್ನು ವರ್ಷಗಟ್ಟಲೆ ಎಳೆಯಬೇಡಿ. ಅದರಿಂದ ಪೋಷಣೆ ಕುಗ್ಗುತ್ತದೆ, ಊಟವೆಂದರೆ ಭಯ ಬೆಳೆಯುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಆಹಾರ ತಜ್ಞರ ಸಲಹೆಯಿಲ್ಲದೆ ಇದನ್ನು ಹೇರಲೇಬಾರದು.

ಊಟಕ್ಕೆ ಮೊದಲು ನುಂಗುವ ಡಿಎಒ ಮಾತ್ರೆಗಳೂ ಮಾರಾಟಕ್ಕಿವೆ. ಕೆಲವರಿಗೆ ಅನುಕೂಲವಾದರೂ ಅದರ ಪುರಾವೆ ಇನ್ನೂ ತೆಳು. ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಬೇಕು. ಇವುಗಳಲ್ಲಿ ಹೆಚ್ಚಿನವು ಹಂದಿಯ ಮೂತ್ರಪಿಂಡದಿಂದ ತೆಗೆದವು, ಬಟಾಣಿ ಮೊಳಕೆಯದು ಕೂಡ ಇದೆ. ಕೊಳ್ಳುವ ಮುನ್ನ ಓದಿ. ಅಲರ್ಜಿ ಮಾತ್ರೆ ನುಂಗಿ ಸಿಹಿಯ ಡಬ್ಬಿ ಖಾಲಿ ಮಾಡುವುದಂತೂ ದಾರಿಯಲ್ಲ. ಆ ಮಾತ್ರೆ ಲಕ್ಷಣವನ್ನು ತಗ್ಗಿಸುತ್ತದೆಯೇ ಹೊರತು ಕೆರೆಯ ನೀರನ್ನು ಇಳಿಸುವುದಿಲ್ಲ.

ಎಲೆಯ ಮುಂದೆ ಕೂತಾಗ

ಮದುವೆಮನೆಯಲ್ಲಿ ಬಡಿಸುವವರಿಗೆ ಕಿಣ್ವದ ಕಥೆ ಹೇಳಲು ಸಮಯವಿರುವುದಿಲ್ಲ. ‘ಒಂದೇ ಸಾಕು, ಬಿಸಿಯದ್ದು ಹಾಕಿ’ ಎಂದರೆ ಯಾರಿಗೂ ಬೇಸರವಾಗದು. ಸಿಹಿ ತಿನ್ನುವುದೆಂದು ಮೊದಲೇ ನಿರ್ಧರಿಸಿದ್ದರೆ ಉಪ್ಪಿನಕಾಯಿ, ಟೊಮೆಟೊ ಗೊಜ್ಜು, ಹುಳಿಮೊಸರನ್ನು ಎಲೆಯ ಅಂಚಿನಲ್ಲೇ ಬಿಡಿ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಕಾಳಿನಷ್ಟು ಬಾಯಿಗಿಟ್ಟರೂ ಭಕ್ತಿಗೆ ಕೊರತೆಯಿಲ್ಲ. ನಿಜವಾದ ಅಲರ್ಜಿ ಇರುವ ಪದಾರ್ಥವಾದರೆ ಮಾತ್ರ ಆ ಕಾಳೂ ಬೇಡ.

ಇನ್ನು, ಇಂಥವರು ನಿಮ್ಮ ಮನೆಗೆ ಹಬ್ಬಕ್ಕೆ ಬರುತ್ತಿದ್ದರೆ ಬೇರೆ ಅಡುಗೆಯೇನೂ ಮಾಡಬೇಕಾಗಿಲ್ಲ. ಪಾಯಸಕ್ಕೆ ತುಪ್ಪದಲ್ಲಿ ಹುರಿದ ಗೋಡಂಬಿ ದ್ರಾಕ್ಷಿ ಸುರಿಯುವ ಮೊದಲು ಅವರಿಗೆಂದು ಒಂದು ಬಟ್ಟಲು ಪಕ್ಕಕ್ಕೆ ತೆಗೆದಿಡಿ. ಬಡಿಸುವಾಗ ‘ಈಗ ತಾನೇ ಇಳಿಸಿದ್ದು’ ಎಂದು ಒಂದು ಮಾತು ಹೇಳಿ. ಅವರು ಕೇಳಲು ಹಿಂಜರಿಯುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.